ಚಹಾ ಬೇಡ, ನೀರು ಸಾಕು: ಕೋಂಢ್ವಾದ ಒಂದು ಮನೆಸಾಲದ ಪ್ರಕರಣ

2023ರ ಜೂನ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ಪುಣೆಯಲ್ಲಿ ಗಾದಿ ಅಂಗಡಿ ಇಟ್ಟಿರುವ ಚಾಚಾ ತಮ್ಮ ಮಗನ ಮನೆಸಾಲದ ವಿಷಯ ಕೇಳಲು ನಮ್ಮ ಮನೆಗೆ ಬಂದರು. ನನ್ನ ಹೆಂಡತಿ ಚಹಾ ತಂದಿಟ್ಟಳು. ಅವರು ಕಪ್ಪು-ಬಸಿಯನ್ನು ಮೆಲ್ಲಗೆ ನನ್ನ ಕಡೆಗೆ ಸರಿಸಿ, "ಒಂದು ಲೋಟ ನೀರು ಕೊಡು ತಾಯಿ, ಸಾಕು" ಎಂದರು. ಅವಳಿಗೆ ಅರ್ಥವಾಗಲಿಲ್ಲ, ನನಗೆ ಆಯಿತು. ನಾನು 31 ವರ್ಷ ಬ್ಯಾಂಕೊಂದರ ಸಾಲ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ನಮ್ಮ ಮನೆಯ ಹಾಲು, ಸಕ್ಕರೆ, ಚಹಾಪುಡಿ ಎಲ್ಲವೂ ಬ್ಯಾಂಕಿನ ಪಿಂಚಣಿಯಿಂದ ಬಂದವು. ನೀರು ಮಾತ್ರ ಮಹಾನಗರಪಾಲಿಕೆಯದು.

ಪ್ರವಾದಿಯವರ ನುಡಿ-ನಡೆಯ ವರದಿಗಳಿಗೆ ಹದೀಸ್ ಎನ್ನುತ್ತಾರೆ. ಸಹೀಹ್ ಮುಸ್ಲಿಮ್ ಸಂಗ್ರಹದಲ್ಲಿ ಅಂಥ ಒಂದು ಹದೀಸ್ ಇದೆ. ಬಡ್ಡಿ ತಿನ್ನುವವನು, ಕೊಡುವವನು, ಅದನ್ನು ಬರೆಯುವವನು, ಅದಕ್ಕೆ ಸಾಕ್ಷಿ ನಿಲ್ಲುವ ಇಬ್ಬರು, ಇವರೆಲ್ಲರೂ ಶಾಪಕ್ಕೆ ಒಳಗಾದವರು, ಎಲ್ಲರೂ ಸಮಾನರು ಎನ್ನುತ್ತದೆ ಅದು. ಆ ಪಟ್ಟಿಯಲ್ಲಿ 'ಬರೆಯುವವನು' ಎಂದರೆ ನಾನೇ. ಮದರಸಾದಲ್ಲಿ ಅದನ್ನು ಕಂಠಪಾಠ ಮಾಡಿದ ಹುಡುಗನೇ ಮುಂದೆ ಬ್ಯಾಂಕಿನ ಪರೀಕ್ಷೆ ಬರೆದು ಪಾಸಾದ. ಆ ಮಾತನ್ನು ನನ್ನೊಡನೆ ಯಾರೂ ಬಾಯಿಬಿಟ್ಟು ಆಡಿರಲಿಲ್ಲ. ಚಾಚಾ ಕೂಡ ಆಡಲಿಲ್ಲ, ಬಸಿ ಸರಿಸಿದರು ಅಷ್ಟೇ.

ಈ ಪ್ರಕರಣವನ್ನು ಬರೆಯಲು ಮನೆಯವರ ಒಪ್ಪಿಗೆ ಪಡೆದಿದ್ದೇನೆ. ಹೆಸರುಗಳನ್ನು ಹಾಕಿಲ್ಲ. ಲೆಕ್ಕವನ್ನು ಇದ್ದ ಹಾಗೆಯೇ ಇಟ್ಟಿದ್ದೇನೆ.

ಮನೆತನ

ವಿಜಯಪುರ ಜಿಲ್ಲೆಯ ತಾಳಿಕೋಟೆಯ ಕಡೆಯ ನದಾಫರು ಇವರು. ಪಿಂಜಾರರು ಎಂದೂ ಕರೆಯುತ್ತಾರೆ. ಹತ್ತಿ ಹಿಂಜಿ ಗಾದಿ, ತಲೆದಿಂಬು ಹೊಲಿಯುವುದು ಕುಲಕಸುಬು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಈ ಜನರ ಮನೆಮಾತು ಕನ್ನಡವೇ. ನಮಾಜು ಅರಬ್ಬಿಯಲ್ಲಿ, ಬಯ್ಗುಳ ಕನ್ನಡದಲ್ಲಿ ಎಂದು ಚಾಚಾ ತಮಾಷೆ ಮಾಡುತ್ತಾರೆ. ಅವರ ತಂದೆ ಊರಿನ ಸಾಹುಕಾರನ ಹತ್ತಿರ ಮಗಳ ಮದುವೆಗೆಂದು ಸಾಲ ಪಡೆದು, ಬಡ್ಡಿ ತೀರಿಸಲಾಗದೆ ಎರಡು ಎಕರೆ ಹೊಲ ಬಿಟ್ಟುಕೊಟ್ಟಿದ್ದರು. ಚಾಚಾಗೆ ಆಗ ಹನ್ನೊಂದು ವರ್ಷ. 'ಬಡ್ಡಿ ಹರಾಮ್' ಎಂಬುದು ಅವರಿಗೆ ಮಸೀದಿಯಲ್ಲಿ ತಿಳಿಯುವ ಮೊದಲೇ ಹೊಲದ ಬದುವಿನ ಮೇಲೆ ತಿಳಿದಿತ್ತು.

ತೊಂಬತ್ತರ ದಶಕದ ಆರಂಭದಲ್ಲಿ ಪುಣೆಗೆ ಬಂದು ಭವಾನಿ ಪೇಠೆಯಲ್ಲಿ ಗಾದಿ ಅಂಗಡಿ ಇಟ್ಟರು. ಮೊದಲು ಹೆಗಲ ಮೇಲೆ ಹತ್ತಿ ಹಿಂಜುವ ಬಿಲ್ಲು ಹೊತ್ತು ಓಣಿ ಓಣಿ ತಿರುಗುತ್ತಿದ್ದರು. ಆಮೇಲೆ ಹಿಂಜುವ ಯಂತ್ರ ಬಂತು, ಅದರ ಹಿಂದೆಯೇ ಫೋಮ್ ಬಂತು. ಫೋಮಿನ ಗಾದಿಯನ್ನು ಯಾರೂ ಬಿಚ್ಚಿ ಹಿಂಜಿಸುವುದಿಲ್ಲ, ಹರಿದರೆ ಎಸೆಯುತ್ತಾರೆ. ಅಂಗಡಿ ಈಗ ತಲೆದಿಂಬಿನ ಮೇಲೆ ನಡೆಯುತ್ತಿದೆ.

ಮಗನಿಗೆ 31 ವರ್ಷ. ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ, ಅಮೆರಿಕದ ಗಿರಾಕಿಗಳ ಸಮಯಕ್ಕೆ ತಕ್ಕ ಪಾಳಿ. ಸೊಸೆ ಹುಬ್ಬಳ್ಳಿಯವಳು, ಬಿ.ಕಾಂ., ಪುಣೆಯ ಕ್ಯಾಂಪ್ ಬಡಾವಣೆಯ ಲೆಕ್ಕಪತ್ರ ಕಚೇರಿಯೊಂದರಲ್ಲಿ ಉದ್ಯೋಗ. ತಲೆಗೆ ದುಪಟ್ಟಾ, ಅದರ ಮೇಲೆ ಹೆಲ್ಮೆಟ್, ಸ್ಕೂಟರ್ ಸವಾರಿ. ಮೂರು ವರ್ಷದ ಮಗಳೊಬ್ಬಳು ಇದ್ದಾಳೆ.

ತಂದೆ ಮಗನ ನಡುವಿನ ಕಿರಿಕಿರಿಗೆ ಇನ್ನೂ ಹಲವು ಕಾರಣಗಳಿದ್ದವು. ಮೊಮ್ಮಗಳ ಹುಟ್ಟುಹಬ್ಬದ ಕೇಕು, ಮಗನ ಕ್ರೆಡಿಟ್ ಕಾರ್ಡು, ಕಂತಿನಲ್ಲಿ ಬಂದ ಮೊಬೈಲು, ತಪ್ಪಿಹೋಗುವ ಜುಮ್ಮಾ ನಮಾಜು. ಬಾಣೇರಿನ ಹೋಟೆಲೊಂದರಲ್ಲಿ ಕಚೇರಿಯವರ ಪಾರ್ಟಿ ನಡೆದ ಫೋಟೊವನ್ನು ಯಾರೋ ಚಾಚಾಗೆ ತೋರಿಸಿದ್ದರು. ಮಗನ ಕೈಯಲ್ಲಿ ನಿಂಬೆ ಸೋಡಾ ಇತ್ತು, ಅದನ್ನು ಚಾಚಾ ನಂಬಿದರು. ಆದರೆ ಮದ್ಯ ಹಂಚುವ ಮೇಜಿಗೆ ಕೂರಬಾರದು ಎಂಬ ಮಾತು ಇದೆಯಲ್ಲ, ಮೇಜಿನ ವಿಷಯದಲ್ಲಿ ಅವರು ರಾಜಿಯಾಗಲಿಲ್ಲ. "ಆ ಮೇಜಿಗೆ ಕೂರದಿದ್ದರೆ ಬಡ್ತಿ ಬರುವುದಿಲ್ಲ ಅಪ್ಪ" ಎಂದ ಮಗ. ಇವೆಲ್ಲ ವಾರಕ್ಕೊಮ್ಮೆ ಹೊತ್ತಿ ಆರುವ ಜಗಳಗಳು. ಮನೆಯ ವಿಷಯ ಬಂದಾಗ ಮಾತ್ರ ಆರಲಿಲ್ಲ.

ಜಗಳದ ಲೆಕ್ಕ

ಅವರು 2014ರಿಂದ ಪುಣೆಯ ಕೋಂಢ್ವಾ ಬಡಾವಣೆಯಲ್ಲಿ 'ಹೆವಿ ಡಿಪಾಸಿಟ್' ಮನೆಯಲ್ಲಿದ್ದರು. ಮುಂಬಯಿ, ಪುಣೆಯ ಕಡೆ ರೂಢಿಯಲ್ಲಿರುವ ಪದ್ಧತಿ ಇದು. ಬೆಂಗಳೂರಿನವರು ಲೀಸು ಎನ್ನುತ್ತಾರೆ, ನಮ್ಮ ಹಳೆಯ ಕಾಗದಪತ್ರಗಳ ಭೋಗ್ಯವೂ ಇದರ ಅಣ್ಣನೇ. ಮಾಲೀಕನಿಗೆ ದೊಡ್ಡ ಮೊತ್ತ ಕೊಡಬೇಕು, ಬಾಡಿಗೆ ಇಲ್ಲ. ಬಿಡುವಾಗ ಪೂರ್ತಿ ಹಣ ವಾಪಸು. ಚಾಚಾ ಊರಿನಲ್ಲಿ ಉಳಿದಿದ್ದ ಜಾಗ ಮಾರಿ 12 ಲಕ್ಷ ರೂಪಾಯಿ ಕೊಟ್ಟಿದ್ದರು. ಮಾಲೀಕ ಆ ಹಣದಲ್ಲಿ ಮಗಳ ಮದುವೆ ಮಾಡಿದ. ಎಲ್ಲರಿಗೂ ಸುಖ. "ಒಂದು ಪೈಸೆ ಬಡ್ಡಿ ಕೊಡಲಿಲ್ಲ, ತೆಗೆದುಕೊಳ್ಳಲಿಲ್ಲ" ಎಂದು ಚಾಚಾ ಎದೆ ತಟ್ಟಿ ಹೇಳುತ್ತಿದ್ದರು.

2023ರ ಮೇ ತಿಂಗಳಲ್ಲಿ ಮಾಲೀಕ, ನಾಲ್ಕು ತಿಂಗಳಲ್ಲಿ ಬಿಟ್ಟುಕೊಡಿ ಎಂದ. ಮಗ ವಾಕಡ್ ಕಡೆ ಬಾಡಿಗೆ ಮನೆ ಹುಡುಕಿದ. ಫೋನಿನಲ್ಲಿ ಎಲ್ಲವೂ ಸರಿಯಾಗಿರುತ್ತಿತ್ತು. ಹೆಸರು ಹೇಳಿದ ಮೇಲೆ ದಲ್ಲಾಳಿಯ ದನಿ ತಗ್ಗಿ, 'ಸೊಸೈಟಿಯವರು ಒಪ್ಪುವುದಿಲ್ಲ' ಎಂಬಲ್ಲಿಗೆ ಮುಗಿಯುತ್ತಿತ್ತು. ಮೂರನೆಯ ಸಲ ಹಾಗಾದ ರಾತ್ರಿಯೇ ಅವನು ಸ್ವಂತ ಮನೆ ಕೊಳ್ಳುವ ನಿರ್ಧಾರ ಮಾಡಿದ. ಅವನು ಆಧುನಿಕ ಜೀವನದ ಹುಚ್ಚಿಗೆ ಬಿದ್ದು ಸಾಲಕ್ಕೆ ಕೈಚಾಚಿದ ಎಂದು ಚಾಚಾ ಹೇಳುತ್ತಿದ್ದರು. ನನಗೆ ಹಾಗೆ ಅನಿಸಲಿಲ್ಲ. ಬಾಡಿಗೆಯ ಬಾಗಿಲು ಮುಚ್ಚಿದವನಿಗೆ ಬ್ಯಾಂಕಿನ ಬಾಗಿಲು ತೆರೆದಿತ್ತು, ಅಷ್ಟೇ. ಬ್ಯಾಂಕು ಹೆಸರು ಕೇಳುತ್ತದೆ, ಆದರೆ ಸಂಬಳದ ಚೀಟಿ ನೋಡಿದ ಮೇಲೆ ಹೆಸರಿನ ಗೊಡವೆಗೆ ಹೋಗುವುದಿಲ್ಲ.

ಅವನು ಆರಿಸಿದ್ದು ಉಂಡ್ರಿಯ ಹೊಸ ಕಟ್ಟಡದ ಎರಡು ಮಲಗುವ ಕೋಣೆಗಳ ಫ್ಲ್ಯಾಟು. ಕೆಳಗೆ ಈಜುಕೊಳ, ಜಿಮ್. ಬೆಲೆ 62 ಲಕ್ಷ. ತನ್ನ ಉಳಿತಾಯ 11 ಲಕ್ಷ, ಅಪ್ಪನ ಡಿಪಾಸಿಟ್ 12 ಲಕ್ಷ. ಮುದ್ರಾಂಕ, ನೋಂದಣಿ ಕಳೆದು 18 ಲಕ್ಷ ಕೈಯಿಂದ, 44 ಲಕ್ಷ ಸಾಲದಿಂದ. ಶೇಕಡಾ 8.5ರ ದರ, 20 ವರ್ಷ.

ಚಾಚಾ ನನ್ನ ಮುಂದೆ ಇಟ್ಟದ್ದು ಈ ಚೀಟಿಯನ್ನೇ. "ಒಟ್ಟು ಬಡ್ಡಿ ಎಷ್ಟಾಗುತ್ತದೆ ಸಾಹೇಬರೇ?" ಎಂದು ಕೇಳಿದರು. ನಾನು ಲೆಕ್ಕ ಹಾಕಿದೆ. ತಿಂಗಳ ಕಂತು ಸುಮಾರು 38,184 ರೂಪಾಯಿ. 20 ವರ್ಷಕ್ಕೆ ಬಡ್ಡಿಯೇ ಹತ್ತಿರ ಹತ್ತಿರ 47.6 ಲಕ್ಷ. ಅಸಲಿಗಿಂತ ಹೆಚ್ಚು. ಮೊದಲ ತಿಂಗಳ ಕಂತಿನಲ್ಲಿ 31,167 ರೂಪಾಯಿ ಬಡ್ಡಿಗೆ ಹೋಗಿ, ಅಸಲಿಗೆ ಸೇರುವುದು ಏಳು ಸಾವಿರ ಚಿಲ್ಲರೆ. ಸೇವೆಯಲ್ಲಿದ್ದಾಗ ಸಾವಿರಾರು ಅರ್ಜಿಗಳಿಗೆ ಸಹಿ ಹಾಕಿದ್ದೇನೆ, ಯಾವ ಗಿರಾಕಿಯೂ ಈ ಪ್ರಶ್ನೆ ಕೇಳಿದ್ದು ನೆನಪಿಲ್ಲ. ಎಲ್ಲರೂ ಕೇಳುವುದು ಕಂತು ಎಷ್ಟು ಎಂದು.

ಚಾಚಾ ಚೀಟಿ ಮಡಿಸಿ ಜೇಬಿಗಿಟ್ಟುಕೊಂಡರು. "ನನ್ನ 12 ಲಕ್ಷ ಇದಕ್ಕೆ ಹೋಗಬಾರದು" ಎಂದರು. ಜಗಳದ ಗಂಟು ಇಲ್ಲಿತ್ತು. ಆ 12 ಲಕ್ಷ ಇಲ್ಲದೆ ಬ್ಯಾಂಕಿನ ಲೆಕ್ಕ ಕೂಡುವುದಿಲ್ಲ. ಈ ಮೊತ್ತದ ಸಾಲಕ್ಕೆ ಮನೆಯ ಬೆಲೆಯ ಶೇಕಡಾ 80ಕ್ಕಿಂತ ಹೆಚ್ಚು ಕೊಡುವಂತಿಲ್ಲ.

ಬೇರೆ ದಾರಿ ಇರಲಿಲ್ಲವೇ ಎಂದು ಓದುವವರು ಕೇಳಬಹುದು. ಶರಿಯತ್ತಿನಲ್ಲಿ ಇದೆ, ನಮ್ಮ ದೇಶದ ಬ್ಯಾಂಕಿನಲ್ಲಿ ಇಲ್ಲ. ಬ್ಯಾಂಕೇ ಮನೆ ಕೊಂಡು ಲಾಭ ಸೇರಿಸಿ ಕಂತಿನಲ್ಲಿ ಮಾರುವುದಕ್ಕೆ ಮುರಾಬಹಾ ಎನ್ನುತ್ತಾರೆ. ಬ್ಯಾಂಕು ಮತ್ತು ಗಿರಾಕಿ ಪಾಲುದಾರರಾಗಿ ಕೊಂಡು, ಗಿರಾಕಿ ಬ್ಯಾಂಕಿನ ಪಾಲಿಗೆ ಬಾಡಿಗೆ ಕೊಡುತ್ತ ಆ ಪಾಲನ್ನು ಸ್ವಲ್ಪ ಸ್ವಲ್ಪವಾಗಿ ಕೊಂಡುಕೊಳ್ಳುವುದು ಇನ್ನೊಂದು ಬಗೆ, ಮುಶಾರಕಾ. ಆದರೆ 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 8ನೆಯ ಕಲಮು ಬ್ಯಾಂಕುಗಳು ಸರಕು ವ್ಯಾಪಾರ ಮಾಡುವುದನ್ನು ತಡೆಯುತ್ತದೆ, 9ನೆಯ ಕಲಮು ತನ್ನ ಬಳಕೆಗಲ್ಲದ ಸ್ಥಿರಾಸ್ತಿಯನ್ನು ಇಟ್ಟುಕೊಳ್ಳುವುದಕ್ಕೆ ಮಿತಿ ಹಾಕುತ್ತದೆ. ರಘುರಾಮ್ ರಾಜನ್ ಸಮಿತಿ 2008ರಲ್ಲಿ ಬಡ್ಡಿರಹಿತ ಬ್ಯಾಂಕಿಂಗ್‌ಗೆ ಅವಕಾಶ ಕೊಡಲು ಸಲಹೆ ಮಾಡಿತ್ತು. ಆ ಪ್ರಸ್ತಾವವನ್ನು ಮುಂದುವರಿಸುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ ತೀರ್ಮಾನಿಸಿದ್ದು 2017ರಲ್ಲಿ ಮಾಹಿತಿ ಹಕ್ಕಿನ ಅರ್ಜಿಯೊಂದರಿಂದ ಹೊರಬಂತು. ಇತ್ತ ಬ್ರಿಟನ್ 2003ರಲ್ಲೇ ತನ್ನ ಹಣಕಾಸು ಕಾಯ್ದೆಯಲ್ಲಿ, ಇಂಥ ಖರೀದಿಗೆ ಬೀಳುತ್ತಿದ್ದ ಎರಡು ಸಲದ ಮುದ್ರಾಂಕ ಶುಲ್ಕವನ್ನು ತೆಗೆದುಹಾಕಿತ್ತು. ಪಾಶ್ಚಾತ್ಯ ಬದುಕು ಎಂದು ಚಾಚಾ ಯಾವುದನ್ನು ಬಯ್ಯುತ್ತಿದ್ದರೋ, ಆ ಪಶ್ಚಿಮದ ಲಂಡನ್ನಿನಲ್ಲಿ ಅವರು ಬಡ್ಡಿಯಿಲ್ಲದೆ ಮನೆ ಕೊಳ್ಳಬಹುದಿತ್ತು. ಕೋಂಢ್ವಾದಲ್ಲಿ ಆಗುವುದಿಲ್ಲ.

ಉಳಿದ ದಾರಿಗಳು ಬೇಗ ಮುಗಿದವು. ಬಿಲ್ಡರ್ ಒಬ್ಬ ಬೆಲೆ ಹೆಚ್ಚಿಸಿ ನಾಲ್ಕು ವರ್ಷದ ಕಂತು ಕೊಡಲು ಒಪ್ಪಿದ. ಕಂತು ತಿಂಗಳಿಗೆ ಲಕ್ಷ ದಾಟುತ್ತಿತ್ತು, ಮಗನ ಸಂಬಳವೇ 95,000. ಬಡ್ಡಿರಹಿತ ಸಹಕಾರ ಸಂಘಗಳು ತಳ್ಳುಗಾಡಿಗೆ, ಹೊಲಿಗೆ ಯಂತ್ರಕ್ಕೆ ಕೊಡಬಲ್ಲವು, 44 ಲಕ್ಷ ಎಲ್ಲಿಂದ ತಂದಾವು? 'ಹಲಾಲ್ ಹೂಡಿಕೆ' ಎಂಬ ಮಾತನ್ನಂತೂ ನಾನೇ ಬಾಯಿಗೆ ತರಲಿಲ್ಲ. 2019ರಲ್ಲಿ, ಆ ಹೆಸರಿನಲ್ಲೇ ಜನರ ಹಣ ಸಂಗ್ರಹಿಸಿದ್ದ ಬೆಂಗಳೂರಿನ ಐಎಂಎ ಕಂಪನಿ ಕುಸಿದು ಸಾವಿರಾರು ಮನೆಗಳಲ್ಲಿ ಒಲೆ ಆರಿದ್ದನ್ನು ನಮ್ಮ ಜನ ಮರೆತಿಲ್ಲ.

ಮುಫ್ತಿಗಳ ಮುಂದೆ

ಮಗ ತನ್ನ ಮೊಬೈಲಿನಲ್ಲಿ ಒಂದು ಫತ್ವಾ ಹುಡುಕಿ ತಂದಿದ್ದ. ಯುರೋಪಿನ ಫತ್ವಾ ಮಂಡಳಿ 1999ರಲ್ಲಿ, ಬೇರೆ ದಾರಿಯಿಲ್ಲದ ಅಲ್ಲಿನ ಮುಸ್ಲಿಮರು ವಾಸಕ್ಕೆಂದು ಒಂದು ಮನೆಯನ್ನು ಬಡ್ಡಿ ಸಾಲದಿಂದ ಕೊಳ್ಳಬಹುದು ಎಂದಿತ್ತು. ಶರತ್ತುಗಳಿದ್ದವು. ಮನೆ ತನ್ನ ಕುಟುಂಬದ ವಾಸಕ್ಕೇ ಆಗಿರಬೇಕು, ಬೇರೆ ಮನೆ ಇರಬಾರದು, ಸಾಲವಿಲ್ಲದೆ ಕೊಳ್ಳುವಷ್ಟು ಹೆಚ್ಚುವರಿ ಆಸ್ತಿ ಇರಬಾರದು. ಇದನ್ನು ಒಪ್ಪದ ಉಲೇಮಾಗಳು, ಅಂದರೆ ಧರ್ಮಪಂಡಿತರು, ಬಹಳ ಜನ. ಚಾಚಾ ಒಂದೇ ಮಾತಿನಲ್ಲಿ ತಳ್ಳಿಹಾಕಿದರು: "ಅವರಿಗೆ ಹಿಮ ಬೀಳುತ್ತದೆ, ನಮಗೆ ಬೀಳುವುದಿಲ್ಲ."

ಹಾಗಾದರೆ ಇಲ್ಲಿಯವರನ್ನೇ ಕೇಳೋಣ ಎಂದಳು ಸೊಸೆ. ಜುಲೈ ತಿಂಗಳ ಒಂದು ಸಂಜೆ, ಅಸರ್ ನಮಾಜಿನ ನಂತರ, ಕೋಂಢ್ವಾದ ಒಂದು ಮದರಸಾದಲ್ಲಿ ಧರ್ಮಶಾಸ್ತ್ರದ ತೀರ್ಪು ಹೇಳುವ ಮುಫ್ತಿಗಳ ಬಳಿ ಹೋದೆವು. ಚಾಚಾ, ಮಗ, ನಾನು ಜಮಖಾನೆಯ ಮೇಲೆ ಕುಳಿತೆವು. ಸೊಸೆ ಬಾಗಿಲ ಬಳಿ ಕುರ್ಚಿಯಲ್ಲಿದ್ದಳು. ಮುಫ್ತಿಗಳಿಗೆ ನಲವತ್ತರ ವಯಸ್ಸು, ಮಾತು ಕಡಿಮೆ. ಮಗ ತನ್ನ ವಾದವನ್ನೆಲ್ಲ ಹೇಳಿದ. ತನ್ನ ಪಿಎಫ್‌ಗೂ ಬಡ್ಡಿ ಬರುತ್ತದಲ್ಲ ಎಂದೂ ಸೇರಿಸಿದ. ಕಡ್ಡಾಯವಾಗಿ ಕಡಿತವಾಗುವ ಆ ಹಣದ ಮೇಲೆ ಸೇರುವುದನ್ನು ಸಂಬಳದ ಭಾಗವೆಂದೇ ನಮ್ಮ ಹಿರಿಯರು ಹಲವರು ಎಣಿಸಿದ್ದಾರೆ ಎಂದು ಮುಫ್ತಿಗಳು ಅದನ್ನು ಅಲ್ಲಿಗೇ ಬಿಟ್ಟರು. ಆಮೇಲೆ ಚಾಚಾ ಕಡೆ ತಿರುಗಿ, "ಈಗಿನ ಮನೆಗೆ ಬಾಡಿಗೆ ಎಷ್ಟು?" ಎಂದು ಕೇಳಿದರು.

"ಬಾಡಿಗೆ ಇಲ್ಲ ಹಜರತ್. ಹೆವಿ ಡಿಪಾಸಿಟ್."

"ಡಿಪಾಸಿಟ್ ಹಣವನ್ನು ಮಾಲೀಕ ಪೆಟ್ಟಿಗೆಯಲ್ಲಿ ಇಟ್ಟಿದ್ದಾನೆಯೇ?"

"ಇಲ್ಲ, ಮಗಳ ಮದುವೆ ಮಾಡಿದ."

"ಹಾಗಾದರೆ ಅದು ಕಾಪಿಡಲು ಕೊಟ್ಟ ಅಮಾನತ್ತಲ್ಲ, ನೀವು ಅವನಿಗೆ ಕೊಟ್ಟ ಸಾಲ. ಸಾಲ ಕೊಟ್ಟದ್ದಕ್ಕೆ ಪ್ರತಿಯಾಗಿ ಪುಕ್ಕಟೆ ಮನೆ ಸಿಕ್ಕಿದೆ. ಸಾಲ ಎಳೆದು ತಂದ ಲಾಭವೆಲ್ಲ ಸೂದ್, ಅಂದರೆ ಬಡ್ಡಿಯೇ, ಎಂಬುದು ನಮ್ಮ ಧರ್ಮಶಾಸ್ತ್ರವಾದ ಫಿಕ್ಹಿನ ನಿಯಮ."

ನಾನು ಚಾಚಾ ಮುಖ ನೋಡಲಿಲ್ಲ, ನೋಡುವ ಧೈರ್ಯವಾಗಲಿಲ್ಲ. ಕೈ ನೋಡಿದೆ. ಜಮಖಾನೆಯ ಅಂಚಿನಲ್ಲಿ ಒಂದು ದಾರ ಸಡಿಲವಾಗಿತ್ತು. ಅವರ ಹೆಬ್ಬೆರಳು, ತೋರುಬೆರಳು ಅದನ್ನು ಹಿಡಿದು ಎಳೆ ಎಳೆಯಾಗಿ ಬಿಡಿಸುತ್ತಿದ್ದವು. ದಾರ ಹತ್ತಿಯಾಯಿತು. ಹತ್ತಿಯನ್ನು ಬೆರಳುಗಳು ಮತ್ತೆ ಹಿಂಜಿ ಹಿಂಜಿ ಗಾಳಿಯಷ್ಟು ಹಗುರ ಮಾಡಿದವು. ಒಂಬತ್ತು ವರ್ಷ ಎಂದು ಅವರು ಅಂದದ್ದು ಯಾರಿಗೂ ಕೇಳಿಸುವಂತಿರಲಿಲ್ಲ.

ಬ್ಯಾಂಕಿನವನಾಗಿ ನನಗೆ ಇದರಲ್ಲಿ ಇನ್ನೊಂದು ವ್ಯಂಗ್ಯ ಕಂಡಿತು. ಆ ಒಂಬತ್ತು ವರ್ಷಗಳಲ್ಲಿ 12 ಲಕ್ಷದ ಬೆಲೆ ಕರಗುತ್ತ ಬಂದಿತ್ತು. ಬಾಡಿಗೆ ಉಳಿಯಿತು, ಹಣದ ಸತ್ವ ಹೋಯಿತು. ಹಣದುಬ್ಬರದ ಮಾತು ತೆಗೆಯೋಣವೇ ಎಂದುಕೊಂಡವನು ಚಾಚಾ ಬೆರಳು ನೋಡಿ ಸುಮ್ಮನಾದೆ.

ಮುಫ್ತಿಗಳು ಕಠಿಣವಾಗಿರಲಿಲ್ಲ. ವ್ಯಾಪಾರ ಹಲಾಲ್, ಬಡ್ಡಿ ಹರಾಮ್ ಎನ್ನುವ, ಕುರಾನಿನ ಸೂರಾ ಬಕರಾದ 275ನೆಯ ವಚನವೇ, ಎಚ್ಚರಿಕೆ ಬಂದ ಮೇಲೆ ನಿಲ್ಲಿಸಿದವನಿಗೆ ಹಿಂದಿನದು ಹಿಂದಕ್ಕೆ ಎಂದೂ ಹೇಳುತ್ತದೆ ಎಂದರು. ಬ್ಯಾಂಕಿನ ಸಾಲಕ್ಕೆ ಮಾತ್ರ ಅನುಮತಿ ಕೊಡಲಿಲ್ಲ. "ನಾನು ಇದನ್ನು ಜಾಯಿಜ್, ಧರ್ಮಸಮ್ಮತ, ಎನ್ನಲಾರೆ. ನಿಮ್ಮ ಇಕ್ಕಟ್ಟು ಎಷ್ಟೆಂದು ನೀವೇ ಬಲ್ಲಿರಿ, ಅಲ್ಲಾಹನೂ ಬಲ್ಲ. ಮಗ ತನ್ನ ಹೊಣೆಯ ಮೇಲೆ ಕೊಂಡರೆ, ಆ ಮನೆಯಲ್ಲಿ ನೀವು ವಾಸ ಮಾಡುವುದಕ್ಕೆ ಅಡ್ಡಿಯಿಲ್ಲ." ಮಗನಿಗೆ ಬೇಕಾದ ಉತ್ತರವೂ ಇದಾಗಿರಲಿಲ್ಲ, ಅಪ್ಪನಿಗೆ ಬೇಕಾದದ್ದೂ ಆಗಿರಲಿಲ್ಲ.

ಆಮೇಲೆ

ಮರುದಿನ ಚಾಚಾ ಮಾಲೀಕನ ಮನೆಗೆ ಹೋಗಿ, ಮನೆ ಬಿಡಲು ಅವನು ಕೊಟ್ಟಿದ್ದ ಆ ನಾಲ್ಕು ತಿಂಗಳಿಗೆ, ತಿಂಗಳಿಗೆ 12,000ದಂತೆ 48,000 ರೂಪಾಯಿ ಬಾಡಿಗೆ ಎಣಿಸಿಟ್ಟರು. ಚಾಚಾಗೆ ಹುಷಾರಿಲ್ಲವೇನೋ ಎಂದು ಮಾಲೀಕ ಮಗನಿಗೆ ಫೋನು ಮಾಡಿದ. ಹಣವನ್ನು ಮಾತ್ರ ವಾಪಸು ಕೊಡಲಿಲ್ಲ, ಅಷ್ಟು ಹುಚ್ಚ ಅವನಲ್ಲ. ಮನೆಗಾಗಿ ಒಂದೊಂದು ರೂಪಾಯಿ ಕೂಡಿಡುತ್ತಿದ್ದ ಮಗ ಎರಡು ದಿನ ಅಪ್ಪನೊಡನೆ ಮಾತು ಬಿಟ್ಟ. ಚಾಚಿ ಇಬ್ಬರಿಗೂ ಬೇರೆ ಬೇರೆ ಹೊತ್ತಿನಲ್ಲಿ ಊಟ ಬಡಿಸಿದರು.

ಗಂಟು ಬಿಡಿಸಿದ್ದು ಸೊಸೆ. ಮೂರನೆಯ ದಿನ ರಾತ್ರಿ ಅವಳು ನನ್ನ ಲೆಕ್ಕದ ಚೀಟಿಯನ್ನೇ ಮುಂದಿಟ್ಟು ಕೇಳಿದಳಂತೆ: "ಮಾವ, ನಿಮಗೆ ಬೇಡವಾದದ್ದು ಮನೆಯೋ, ಬಡ್ಡಿಯೋ?" ಬಡ್ಡಿ ಎಂದರು ಚಾಚಾ. ಗಂಡನ ಕಡೆ ತಿರುಗಿ, "ನಿಮಗೆ ಬೇಕಾದದ್ದು ಮನೆಯೋ, ಈಜುಕೊಳವೋ?" ಅವನು ಉತ್ತರ ಕೊಡಲಿಲ್ಲ. ಈಜು ಅವನಿಗೆ ಬರುವುದೂ ಇಲ್ಲ.

ಚಾಚಾ ತಲೆಯಲ್ಲಿ ಆ ರಾತ್ರಿ ವ್ಯಾಪಾರಿಯ ಲೆಕ್ಕ ಓಡಿತು. ತಮ್ಮ 12 ಲಕ್ಷ ಹೊರಗೆ ನಿಂತರೆ ಮಗನ ಸಾಲ ಬೆಳೆಯುತ್ತದೆ, ಸಾಲ ಬೆಳೆದರೆ ಬಡ್ಡಿ ಬೆಳೆಯುತ್ತದೆ. ಒಳಗೆ ಬಂದರೆ ಕುಗ್ಗುತ್ತದೆ. ನನ್ನ ಬಳಿ ಬಂದು, "ತಪ್ಪಿಸಲು ಆಗದಿದ್ದರೆ ಸವೆಸಬೇಕು ಸಾಹೇಬರೇ" ಎಂದರು. ಹಣ ಕೊಡಲು ಮೂರು ಶರತ್ತು ಹಾಕಿದರು. ಮನೆ ಚಿಕ್ಕದಾಗಿರಬೇಕು, ಸಾಲ ಹತ್ತು ವರ್ಷ ಮೀರಬಾರದು, ಕ್ರೆಡಿಟ್ ಕಾರ್ಡು ಕತ್ತರಿಸಬೇಕು. ಮೂರನೆಯದನ್ನು ಮಗ ಒಪ್ಪಲಿಲ್ಲ. ಪ್ರತಿ ತಿಂಗಳು ಪೂರ್ತಿ ಕಟ್ಟುತ್ತೇನೆ, ಬಡ್ಡಿ ಬೀಳುವುದಿಲ್ಲ ಎಂದು ವಾದಿಸಿದ. ಕಾರ್ಡು ಈಗಲೂ ಇದೆ, ಅದರ ಮೇಲಿನ ಜಗಳವೂ ಇದೆ.

ಕೋಂಢ್ವಾ ಬುದ್ರುಕಿನ ಹಳೆಯ ಕಟ್ಟಡದಲ್ಲಿ, ಲಿಫ್ಟ್ ಇಲ್ಲದ ಮೂರನೆಯ ಮಹಡಿಯ ಮನೆ 46 ಲಕ್ಷಕ್ಕೆ ಸಿಕ್ಕಿತು. ಚಾಚಾ ಮೊಣಕಾಲು ಪ್ರತಿ ಮೆಟ್ಟಿಲಿಗೂ ದೂರು ಹೇಳುತ್ತದೆ. ನೋಂದಣಿಯಾದದ್ದು ಸೊಸೆಯ ಹೆಸರಿನಲ್ಲಿ. ಮಹಾರಾಷ್ಟ್ರದಲ್ಲಿ 2021ರ ಏಪ್ರಿಲ್‌ನಿಂದ, ಹೆಂಗಸರು ತಮ್ಮ ಹೆಸರಿನಲ್ಲೇ ಮನೆ ಕೊಂಡರೆ ಮುದ್ರಾಂಕ ಶುಲ್ಕದಲ್ಲಿ ಶೇಕಡಾ 1ರ ರಿಯಾಯಿತಿ ಇದೆ, ಅಂದರೆ ಇವರಿಗೆ 46,000. ಸೊಸೆಯ ಹೆಸರಿಗೆ ತಮ್ಮ ಹಣ ಹೋಗುವುದಕ್ಕೆ ಚಾಚಾ ತಕರಾರು ತೆಗೆಯುತ್ತಾರೆ ಎಂದು ನಾನು ಕಾದಿದ್ದೆ. ಅವರು ತೆಗೆಯಲಿಲ್ಲ. ಹೆಂಗಸಿನ ಆಸ್ತಿ ಹೆಂಗಸಿನದು, ಅದರಲ್ಲಿ ಗಂಡನಿಗೆ ಕೈಹಾಕುವ ಹಕ್ಕಿಲ್ಲ ಎಂಬುದು ಅವರಿಗೆ ಹದಿನಾಲ್ಕು ಶತಮಾನಗಳ ಹಳೆಯ ಸಂಗತಿ. ಮುಖ ಸಪ್ಪಗಾದದ್ದು ಹಿಂಜವಡಿಯ ಆಧುನಿಕ ಮಗನದು. ಅವನು ಮೊದಲ ಹೆಸರು ತನ್ನದಿರಲಿ ಎಂದು ಎರಡು ಸಲ ಕೇಳಿದ.

ಸಾಲ 27 ಲಕ್ಷ, ಹತ್ತು ವರ್ಷ, ಕಂತು 33,476 ರೂಪಾಯಿ. ಒಟ್ಟು ಬಡ್ಡಿ 13.2 ಲಕ್ಷದ ಹತ್ತಿರ. ಮೊದಲಿನ 47.6 ಲಕ್ಷದ ಮುಂದೆ ಇಟ್ಟು ನೋಡಿ. ನನ್ನ ಸೇವಾವಧಿಯಲ್ಲಿ ಯಾವ ಆರ್ಥಿಕ ಸಲಹೆಯಿಂದಲೂ ಯಾವ ಯುವಕನನ್ನೂ ನಾನು ಇಷ್ಟು ಕೆಳಗೆ ಇಳಿಸಲು ಆಗಿರಲಿಲ್ಲ. ಬದಲಾಗುವ ದರದ ಮನೆಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕಬಾರದು ಎಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಆದೇಶಿಸಿದೆ. ಚಾಚಾ ಅದನ್ನು ನನ್ನಿಂದ ಮೂರು ಸಲ ಹೇಳಿಸಿಕೊಂಡರು. ಅಂದಿನಿಂದ ಅಂಗಡಿಯ ಲಾಭದಲ್ಲಿ ಕೂಡಿಸಿದ್ದನ್ನು ಮೂರು ತಿಂಗಳಿಗೊಮ್ಮೆ ಅಸಲಿಗೆ ಕಟ್ಟಿಸುತ್ತಾರೆ.

ತೀರದೆ ಉಳಿದದ್ದು ವಿಮೆ. ಗಂಡನಿಗೆ ಏನಾದರೂ ಆದರೆ ಸಾಲ ತನ್ನ ತಲೆಗೆ ಎಂಬುದು ಸೊಸೆಯ ಭಯ, ನ್ಯಾಯವಾದದ್ದೇ. ವಿಮೆ ಜೂಜಿನ ತಂಗಿ ಎಂಬುದು ಚಾಚಾ ವಾದ. ಭರ್ತಿ ಮಾಡಿದ ಅರ್ಜಿಯನ್ನು ಅವಳು ನನ್ನ ಬಳಿ ಕೊಟ್ಟಿದ್ದಾಳೆ. ಮಾವನ ಕಣ್ಣಿಗೆ ಬೀಳದಿರಲಿ ಎಂದು ಹೇಳಿಲ್ಲ, ಆದರೆ ನಮ್ಮ ಮನೆಯ ಕಪಾಟಿನಲ್ಲಿ ಅದು ಇರುವುದಕ್ಕೆ ಬೇರೆ ಕಾರಣವೂ ಇಲ್ಲ.

ಚಾಚಾ ಮೂರು ತಿಂಗಳಿಗೊಮ್ಮೆ ಸಾಲದ ಸ್ಟೇಟ್‌ಮೆಂಟ್ ಓದಿಸಲು ಬರುತ್ತಾರೆ. ಬರುವಾಗ ಒಂದು ಹಾಳೆಯನ್ನು ಉದ್ದಕ್ಕೆ ಮಡಿಸಿ ತಂದು ಬಡ್ಡಿಯ ಕಾಲಮಿನ ಮೇಲೆ ಇಡುತ್ತಾರೆ, ಅಸಲಿನದಷ್ಟೇ ಕಾಣುವಂತೆ. ಮೊದಲ ತಿಂಗಳು 14,351 ಇದ್ದದ್ದು ಮೆಲ್ಲಗೆ ಏರುತ್ತಿದೆ. ಪ್ರತಿ ಸಲವೂ ಅದರ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆಯುತ್ತಾರೆ. ಕಳೆದ ಸಲ ಬಂದಾಗ ಕಂಕುಳಲ್ಲಿ ಹೊಸ ಅರಳೆಯ ತಲೆದಿಂಬು ಇತ್ತು. ಎಷ್ಟಾಯಿತು ಎಂದು ಕೇಳಿದೆ. "ಇದು ಕೂಲಿಯಲ್ಲ, ಬರೆಯುವವನಿಗೆ ಕೂಲಿ ಕೊಡುವಂತಿಲ್ಲ. ನಿಮ್ಮ ದಿಂಬು ಫೋಮಿನದು, ಕುತ್ತಿಗೆ ಹಾಳಾಗುತ್ತದೆ" ಎಂದರು. ನನ್ನ ಹೆಂಡತಿ ಈಗ ಅವರು ಬಂದಾಗ ಚಹಾಕ್ಕೆ ಇಡುವುದಿಲ್ಲ. ತಂಬಿಗೆ ತುಂಬ ನೀರು, ಒಂದು ಲೋಟ ತಂದಿಟ್ಟು ಒಳಗೆ ಹೋಗುತ್ತಾಳೆ.